ಹೊಳೆ ಕಾಯುತ್ತಿದ್ದೆವು, ಹಳ್ಳ ಬಂತು: ಹಿರಿಯೂರು ಸೀಮೆಯ ಒಂದು ಮನೆಯ ಪ್ರಕರಣ

ನಮ್ಮ ಅತ್ತೆಯ ಮನೆಗೆ ನೀರು ನುಗ್ಗಿದ್ದು ಬಚ್ಚಲಿನ ತೂತಿನಿಂದ. ಆಗ ರಾತ್ರಿ ಒಂದೂಮುಕ್ಕಾಲು. ಮನೆ ಮುಂದೆ ಇನ್ನೂರು ಹೆಜ್ಜೆ ದೂರದಲ್ಲಿ ವೇದಾವತಿ ಹೊಳೆ ಇನ್ನೂ ದಡದೊಳಗೇ ಹರಿಯುತ್ತಿತ್ತು. ಸಂಜೆಯಿಂದ ಮೂರು ಸಲ ಹೋಗಿ ನೋಡಿ ಬಂದಿದ್ದೆವು. ಮೂರು ಸಲವೂ ಸಮಾಧಾನದಿಂದ ವಾಪಸ್ ಬಂದಿದ್ದೆವು. ಮನೆ ಹಿಂದಿನ ಹಳ್ಳದ ಕಡೆ ಒಬ್ಬರೂ ಬ್ಯಾಟರಿ ಬಿಟ್ಟು ನೋಡಿರಲಿಲ್ಲ.

ಇದು 2022ರ ಸೆಪ್ಟೆಂಬರ್ ತಿಂಗಳ ಕಥೆ. ಊರಿನ ಹೆಸರು ಬೇಡ. ಹಿರಿಯೂರಿನಿಂದ ಕೆಳಗೆ, ಹೊಳೆ ದಂಡೆಯ ಒಂದು ಹಳ್ಳಿ ಅಂದರೆ ಸಾಕು. ಆ ರಾತ್ರಿ ಯಾರೂ ಸಾಯಲಿಲ್ಲ. ಆದರೆ ಸಾಯುವುದಕ್ಕೆ ಎರಡು ಮೂರು ಅವಕಾಶ ಇದ್ದವು. ಅದರಲ್ಲಿ ಒಂದು ನನ್ನಿಂದಲೇ ಆಗುತ್ತಿತ್ತು. ಯಾವುದು ನಮ್ಮನ್ನು ಉಳಿಸಿತು, ಯಾವುದು ಕೈಕೊಟ್ಟಿತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ನೀರು ಮರೆತ ಊರು

ಮೊದಲು ಕಟ್ಟೆಯ ವಿಷಯ ಹೇಳಬೇಕು. ವಾಣಿವಿಲಾಸ ಸಾಗರಕ್ಕೆ ನಾವು ಮಾರಿಕಣಿವೆ ಅನ್ನುತ್ತೇವೆ. ಮೈಸೂರು ಅರಸರ ಕಾಲದಲ್ಲಿ, 1907ರ ಹೊತ್ತಿಗೆ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಕಟ್ಟಿ ಮುಗಿಸಿದ ಕಟ್ಟೆ ಇದು. 30 ಟಿಎಂಸಿಗಿಂತ ಸ್ವಲ್ಪ ಜಾಸ್ತಿ ನೀರು ಹಿಡಿಯುತ್ತದೆ. ನೀರು 130 ಅಡಿ ಮುಟ್ಟಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ. ನಡುವೆ 89 ವರ್ಷ.

89 ವರ್ಷ ಅಂದರೆ ಏನು ಅಂತ ಒಮ್ಮೆ ಯೋಚನೆ ಮಾಡಿ. ಆ ನೀರನ್ನು ಕಣ್ಣಾರೆ ನೋಡಿ ನೆನಪಿಟ್ಟುಕೊಂಡವರು ಊರಲ್ಲಿ ಒಬ್ಬರೂ ಉಳಿದಿರಲಿಲ್ಲ. ಹಿರಿಯೂರು, ಚಳ್ಳಕೆರೆ ರಾಜ್ಯದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳು. ನಮ್ಮ ಕಡೆ ಮಕ್ಕಳು ಬೋರ್‌ವೆಲ್ ಬತ್ತುವ ಮಾತು, ಟ್ಯಾಂಕರ್ ನೀರಿನ ಜಗಳ ಕೇಳುತ್ತಾ ಬೆಳೆಯುತ್ತಾರೆ. ಹೊಳೆ ಅಂದರೆ ಮರಳು ಮತ್ತು ಜಾಲಿಗಿಡ. ಹೊಳೆಯ ಒಡಲಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹಳ್ಳ ಇನ್ನೂ ಅಧ್ವಾನ. ಅದು ಹಳ್ಳ ಅಂತಲೇ ಯಾರಿಗೂ ಅನ್ನಿಸುತ್ತಿರಲಿಲ್ಲ. ಒಬ್ಬರು ಅರ್ಧಕ್ಕೆ ಬದು ಹಾಕಿಕೊಂಡಿದ್ದರು. ಇನ್ನೊಬ್ಬರು ತಿಪ್ಪೆ ಮಾಡಿಕೊಂಡಿದ್ದರು. ರಸ್ತೆ ದಾಟುವಲ್ಲಿ ಎರಡು ಸಿಮೆಂಟ್ ಪೈಪಿನ ಒಂದು ಮೋರಿ ಇತ್ತು. ಅದರ ಬಾಯಿಯಲ್ಲಿ ಜಾಲಿ ಕಂಟಿ, ಪ್ಲಾಸ್ಟಿಕ್ ಚೀಲ, ಹಳೆಯ ಚಾಪೆ ಸಿಕ್ಕಿಕೊಂಡು ಎಷ್ಟೋ ವರ್ಷ ಆಗಿತ್ತು.

ತುಂಗಭದ್ರೆಯ ದಂಡೆಯ ಜನ ಹೀಗಲ್ಲ. ಹರಿಹರದ ಗಂಗಾನಗರದವರಿಗೆ, ಹೊನ್ನಾಳಿಯ ಬಾಲರಾಜ್ ಘಾಟಿನವರಿಗೆ ನೀರು ಹೊಸದಲ್ಲ. ಮಲೆನಾಡಲ್ಲಿ ಮಳೆ ಜೋರಾದರೆ ಅವರು ಮೊದಲು ಕೇಳುವುದು 'ಗಾಜನೂರಿಂದ ಎಷ್ಟು ಬಿಟ್ರಂತೆ?' ಅಂತ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. ಭದ್ರೆ ದೊಡ್ಡದು, ತಡೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಿಟ್ಟರೆ ಎರಡು ಹೊಳೆ ಸೇರುವ ಕೂಡಲಿಯಿಂದ ಕೆಳಗೆ ಕಷ್ಟ. ಇದೆಲ್ಲ ಅಲ್ಲಿ ಟೀ ಅಂಗಡಿಯಲ್ಲಿ ಕೂತವರಿಗೂ ಗೊತ್ತು. ಯಾವ ಮೆಟ್ಟಿಲು ಮುಳುಗಿದರೆ ಸಾಮಾನು ಎತ್ತಬೇಕು ಅನ್ನುವುದು ಹೆಂಗಸರಿಗೆ ಬಾಯಿಪಾಠ. ನಮ್ಮ ವೇದಾವತಿ ದಂಡೆಯಲ್ಲಿ ಆ ಪಾಠ ಹೇಳಿಕೊಡುವವರೇ ಇರಲಿಲ್ಲ. ನಮ್ಮ ಪ್ರಕರಣದ ಬೇರು ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಮನೆ, ಮನೆಯವರು

ಅತ್ತೆ ಅಂದರೆ ನಮ್ಮ ಅಪ್ಪನ ತಂಗಿ. ಅರವತ್ತು ದಾಟಿದೆ. ಮಾವನಿಗೆ ಪಾರ್ಶ್ವವಾಯು ಆಗಿ ಬಲಗಾಲು ಎಳೆದುಕೊಂಡು ನಡೆಯುತ್ತಾರೆ. ಸಕ್ಕರೆ ಕಾಯಿಲೆ ಬೇರೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಅವರ ಮಗ ಲಾರಿ ಓಡಿಸುತ್ತಾನೆ, ಆ ರಾತ್ರಿ ಊರಲ್ಲಿರಲಿಲ್ಲ. ಮನೆಯಲ್ಲಿದ್ದದ್ದು ಅವನ ಹೆಂಡತಿ, ನಾನು ಅಕ್ಕ ಅನ್ನುತ್ತೇನೆ, ಮತ್ತು ಐದು ವರ್ಷದ ಮಗ. ಕೊಟ್ಟಿಗೆಯಲ್ಲಿ ಒಂದು ಹಸು, ಕರು. ನಾನು ಚಿತ್ರದುರ್ಗದಿಂದ ಕೋಡಿ ನೋಡಲು ಹೋದವನು ಅಲ್ಲೇ ಉಳಿದಿದ್ದೆ. ಆ ದಿನಗಳಲ್ಲಿ ಎಲ್ಲೆಲ್ಲಿಂದಲೋ ಜನ ಕೋಡಿ ನೋಡಲು ಬರುತ್ತಿದ್ದರು, ಜಾತ್ರೆ ಥರ. ನಮಗೂ ಅದೊಂದು ಹಬ್ಬವೇ. ಬಾಗಿನ ಬಿಡಲು ಅತ್ತೆ ಮೊರ, ಬಳೆ ಎಲ್ಲ ತಂದಿಟ್ಟಿದ್ದರು.

ಮನೆ ಹೊಳೆಗೂ ಹಳ್ಳಕ್ಕೂ ನಡುವೆ ಇದೆ. ಜಾಗ ಅಗ್ಗಕ್ಕೆ ಸಿಕ್ಕಿತ್ತು ಅಂತ ಮಾವ ಇಪ್ಪತ್ತು ವರ್ಷ ಹಿಂದೆ ಕಟ್ಟಿಸಿದ್ದು. ಇಟ್ಟಿಗೆ, ಸಿಮೆಂಟಿನ ಆರ್‌ಸಿಸಿ ಮನೆ. ಪಕ್ಕದಲ್ಲಿ ಒಬ್ಬರು ತಾತ ಒಂಟಿಯಾಗಿ ಇದ್ದಾರೆ. ಅವರದು ಹಳೆಯ ಮಾಳಿಗೆ ಮನೆ, ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಿಸಿಲಿಗೆ ಅದರಷ್ಟು ತಂಪು ಬೇರೆ ಇಲ್ಲ.

ಆ ಸಂಜೆ

ಸಂಜೆ ಆರಕ್ಕೆ ಮಳೆ ಹಿಡಿಯಿತು. ಏಳಕ್ಕೆ ಫೋನಿಗೆ ಒಂದು ಧ್ವನಿ ಸಂದೇಶ ಬಂತು, ಕಟ್ಟೆಗೆ ಏನೋ ಆಗಿದೆ, ಎಲ್ಲ ಓಡಿ ಅಂತ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಏನೂ ಇಲ್ಲ. ಅಕ್ಕ ಪರಿಚಯದ ಪಂಚಾಯಿತಿ ಸದಸ್ಯರಿಗೆ ಫೋನ್ ಮಾಡಿದಳು. ಸುಳ್ಳು ಅಂತ ಗೊತ್ತಾಯಿತು. ಇದರಿಂದ ಒಂದು ತೊಂದರೆ ಆಯಿತು. ಸುಳ್ಳು ಅಂತ ಗೊತ್ತಾದ ಕೂಡಲೇ ನಾವು ಪೂರ್ತಿ ನಿರಾಳ ಆಗಿಬಿಟ್ಟೆವು. ಕಟ್ಟೆ ಗಟ್ಟಿಯಾಗಿದೆ ಅಂದರೆ ನಮಗೆ ಏನೂ ಆಗುವುದಿಲ್ಲ ಅನ್ನುವ ಲೆಕ್ಕ. ಅದೇ ಸಂಜೆ ಫೋನಿನಲ್ಲಿ ಜಿಲ್ಲೆಗೆ ಆರೆಂಜ್ ಅಲರ್ಟ್, ಅಂದರೆ ಅತಿ ಭಾರಿ ಮಳೆಯ ಎಚ್ಚರಿಕೆ, ಇರುವುದೂ ಕಾಣುತ್ತಿತ್ತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 115.6 ಮಿಲಿಮೀಟರಿನಿಂದ ಮೇಲಕ್ಕೆ ಬಿದ್ದರೆ ಅದು ಅತಿ ಭಾರಿ ಮಳೆ. ನಮ್ಮ ಕಡೆ ವರ್ಷವಿಡೀ ಬೀಳುವುದೇ ಸುಮಾರು 500ರಿಂದ 600 ಮಿಲಿಮೀಟರ್. ಅಂದರೆ ವರ್ಷದ ಐದನೇ ಒಂದು ಪಾಲು ಒಂದೇ ದಿನದಲ್ಲಿ. ಆ ಬಣ್ಣ ನೋಡಿಯೂ ನಾವು ಮಾತಾಡಿದ್ದು ಕಟ್ಟೆಯದ್ದನ್ನೇ.

ರಾತ್ರಿ ಹತ್ತಕ್ಕೆ ಅತ್ತೆ ಛತ್ರಿ ಹಿಡಿದು ಹೊಳೆ ಕಡೆ ಹೋಗಿ ಬಂದರು. 'ಬನ್ನಿಮರದ ಕಟ್ಟೆಯಿಂದ ಎರಡಡಿ ಕೆಳಗೈತೆ. ಮಲಗ್ರಿ' ಅಂದರು. ಮಲಗಿದೆವು.

ನೀರು ಹೇಗೆ ಬಂತು

ಆಮೇಲೆ ಕೂತು ಯೋಚಿಸಿದಾಗ ಅರ್ಥವಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ.

ಕೋಡಿಯ ನೀರು ಒಂದೇ ಸಲ ಬರುವುದಿಲ್ಲ. ಅಷ್ಟು ದೊಡ್ಡ ಕೆರೆಯಲ್ಲಿ ಒಂದು ಅಡಿ ಏರಬೇಕಾದರೂ ತುಂಬಾ ನೀರು ಬೇಕು. ಹಾಗಾಗಿ ಕೋಡಿ ಮೇಲೆ ಹರಿಯುವ ನೀರು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ನೋಡಿಕೊಂಡು ಏಳುವುದಕ್ಕೆ ಸಮಯ ಕೊಡುತ್ತದೆ. ಆದರೆ ಅದು ದಿನಗಟ್ಟಲೆ ಹೊಳೆಯನ್ನು ದಡದ ಮಟ್ಟಕ್ಕೆ ತುಂಬಿ ಇಟ್ಟಿರುತ್ತದೆ. ಹೀಗೆ ಹೊಳೆ ತುಂಬಿ ನಿಂತಾಗ ಅದಕ್ಕೆ ಸೇರುವ ಹಳ್ಳದ ಬಾಯಿ ಮುಳುಗಿರುತ್ತದೆ. ಹಳ್ಳದ ನೀರಿಗೆ ಮುಂದೆ ಹೋಗಲು ದಾರಿ ಇಲ್ಲ. ಅದು ಹಿಂದಕ್ಕೆ ಒತ್ತುತ್ತದೆ. ಹಳ್ಳಕ್ಕೆ ಬಿಟ್ಟ ಚರಂಡಿಗಳೂ ಹಿಂದಕ್ಕೆ ಒತ್ತುತ್ತವೆ. ಚರಂಡಿಗೆ ಸೇರಿಸಿದ ಬಚ್ಚಲ ಪೈಪು ಮನೆಯೊಳಕ್ಕೇ ಬಾಯಿ ತೆರೆದುಕೊಂಡಿರುತ್ತದೆ.

ಇನ್ನು ಮಳೆಯ ಲೆಕ್ಕ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು 1 ಕೋಟಿ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ ಸಾವಿರ ಟ್ಯಾಂಕರ್. ಒಣ ನೆಲ ಇದರಲ್ಲಿ ತುಂಬಾ ಕುಡಿದುಬಿಡುತ್ತದೆ. ಆದರೆ ಆ ವರ್ಷ ಮಳೆ ಬಿದ್ದು ಬಿದ್ದು ನೆಲ ಮೊದಲೇ ಹೊಟ್ಟೆ ತುಂಬಿಕೊಂಡಿತ್ತು. ಕಲ್ಲುಗುಡ್ಡಗಳಂತೂ ಏನೂ ಕುಡಿಯುವುದಿಲ್ಲ. ಗುಡ್ಡದಿಂದ ಇಳಿದ ನೀರು ಒಂದೆರಡು ಗಂಟೆಯಲ್ಲಿ ಹಳ್ಳಕ್ಕೆ ಬಂತು. ಮುಂದೆ ಹೊಳೆ ತಡೆದಿತ್ತು, ನಡುವೆ ಮೋರಿ ಕಟ್ಟಿತ್ತು. ಎಡಕ್ಕೆ ಬದು. ಬಲಕ್ಕೆ ನಮ್ಮ ಮನೆ.

ಮೊದಲ ಇಪ್ಪತ್ತು ನಿಮಿಷ

ಹಸು ಕೂಗಿದ್ದಕ್ಕೆ ಅಕ್ಕನಿಗೆ ಎಚ್ಚರವಾಯಿತು. ಕಾಲು ನೆಲಕ್ಕಿಟ್ಟರೆ ಅಡುಗೆಮನೆಯ ಕಡೆ ಒದ್ದೆ. ಬಚ್ಚಲಲ್ಲಿ ಗುಳುಗುಳು ಸದ್ದು, ತೂತಿನಿಂದ ಕಪ್ಪು ನೀರು ಉಕ್ಕುತ್ತಿದೆ. ಅವಳು ಕೂಗಲಿಲ್ಲ. ಮೊದಲು ಮುಂದಿನ ಜಗುಲಿಗೆ ಹೋಗಿ ಮೇನ್ ಸ್ವಿಚ್ ಇಳಿಸಿದಳು. ಆಮೇಲೆ ನಮ್ಮನ್ನು ಎಬ್ಬಿಸಿದಳು.

ಜಗುಲಿ ಆಗ ಇನ್ನೂ ಒಣಗಿತ್ತು. ಅದಕ್ಕೇ ಅದು ಸರಿಯಾದ ಕೆಲಸ. ಹತ್ತು ನಿಮಿಷ ತಡವಾಗಿ ಅದನ್ನೇ ಮಾಡಲು ಹೋಗಿದ್ದರೆ ತಪ್ಪಾಗುತ್ತಿತ್ತು. ನೀರಲ್ಲಿ ನಿಂತು ಬೋರ್ಡು ಮುಟ್ಟಬಾರದು. ಮೀಟರ್ ಬೋರ್ಡಿನ ಕೆಳಗೆ ನೀರು ಬಂದಿದ್ದರೆ ಕರೆಂಟಿನ ತಂಟೆಗೇ ಹೋಗದೆ ಮನೆ ಬಿಟ್ಟು ಹೊರಡಬೇಕು. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಬೇಕು.

ಎರಡನೆಯದಾಗಿ ಅಕ್ಕ ಮಾಡಿದ್ದು ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿದ್ದು. ಮೂರನೆಯದು ಹಸು. ಕುಡುಗೋಲು ತಗೊಂಡು ಹೋಗಿ ಕಣ್ಣಿ ಕೊಯ್ದೇಬಿಟ್ಟಳು, ಬಿಚ್ಚುತ್ತಾ ಕೂರಲಿಲ್ಲ. ಒದ್ದೆ ಹಗ್ಗದ ಗಂಟು ಕತ್ತಲಲ್ಲಿ ಬಿಚ್ಚಲು ಬರುವುದಿಲ್ಲ. ದನಗಳಿಗೆ ಎತ್ತರ ಎಲ್ಲಿದೆ ಅಂತ ಗೊತ್ತಾಗುತ್ತದೆ, ಈಜಲೂ ಬರುತ್ತದೆ. ಪ್ರವಾಹದಲ್ಲಿ ದನ ಸಾಯುವುದು ಜಾಸ್ತಿ ಕಟ್ಟಿದಲ್ಲೇ. ಬೆಳಗ್ಗೆ ನಮ್ಮ ಹಸುವೂ ಕರುವೂ ಶಾಲೆಯ ಹಿಂದಿನ ದಿಬ್ಬದಲ್ಲಿ ಮೇಯುತ್ತಿದ್ದವು.

ಈಗ ನನ್ನ ತಪ್ಪು. ನನ್ನ ಹತ್ತಿರ ಕಾರು ಇತ್ತು. ಮಾವನನ್ನು ಕಾರಲ್ಲಿ ಕೂರಿಸಿ ಮೋರಿ ದಾಟಿ ಊರೊಳಕ್ಕೆ ಹೋಗೋಣ, ಐದೇ ನಿಮಿಷ ಅಂದೆ. ಕೀಲಿ ತಿರುಗಿಸಿದ್ದೆ ಕೂಡ. ಪಕ್ಕದ ಮನೆ ತಾತ ಕೈಯಲ್ಲಿ ಬಿದಿರು ಕೋಲು ಹಿಡಿದು ಮಳೆಯಲ್ಲಿ ನೆನೆಯುತ್ತಾ ಕಾರಿನ ಮುಂದೆ ಬಂದು ನಿಂತರು.

'ಮೋರಿ ಕಾಣ್ತೈತೇನಪ್ಪಾ ನಿನಗೆ?'

ಹೆಡ್‌ಲೈಟಿನ ಬೆಳಕಲ್ಲಿ ಕಂಡದ್ದು ಸುಮ್ನೆ ಹರಿಯುತ್ತಿರುವ ಕೆಂಪು ನೀರು. ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ, ಹಳ್ಳ ಎಲ್ಲಿ ಶುರು ಅನ್ನುವುದು ಗೊತ್ತಾಗುತ್ತಿರಲಿಲ್ಲ. ತಾತ ಕೋಲು ಊರಿ ತೋರಿಸಿದರು. ಮೊಣಕಾಲಿನ ಮಟ್ಟ. ನನಗೆ ಆಗಲೂ ಅದು ದೊಡ್ಡದು ಅನ್ನಿಸಲಿಲ್ಲ. ಆಮೇಲೆ ತಿಳಿದುಕೊಂಡೆ. ರಭಸದಿಂದ ಹರಿಯುವ ನೀರು ಬರೀ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಒಂದು ಅಡಿ ಇದ್ದರೆ ಸಣ್ಣ ಕಾರು ತೇಲಲು ಶುರುವಾಗುತ್ತದೆ. ಎರಡು ಅಡಿಗೆ ಬಹುಪಾಲು ಗಾಡಿಗಳು ಕೊಚ್ಚಿ ಹೋಗುತ್ತವೆ. ಗಾಡಿ ಭಾರ ಇದೆ, ಹಾಗಾಗಿ ಗಟ್ಟಿ ಅಂತ ನಮಗೆ ಅನ್ನಿಸುತ್ತದೆ. ನೀರಿಗೆ ಅದೊಂದು ಗಾಳಿ ತುಂಬಿದ ಡಬ್ಬ ಅಷ್ಟೇ. ಬೆಳಗ್ಗೆ ನೋಡಿದರೆ ಮೋರಿಯ ಒಂದು ಬದಿಯ ರಸ್ತೆಯೇ ಇರಲಿಲ್ಲ. ಕೆಳಗಿನ ಮಣ್ಣು ಕೊಚ್ಚಿ ಹೋಗಿ ಡಾಂಬರು ನಾಲಿಗೆಯ ಹಾಗೆ ನೇತಾಡುತ್ತಿತ್ತು. ಅಲ್ಲಿಗೆ ನಾನು ಮಾವನನ್ನೂ ಮಗುವನ್ನೂ ಕರೆದುಕೊಂಡು ಹೋಗುತ್ತಿದ್ದೆ. ಇವತ್ತಿಗೂ ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ.

ಇನ್ನೊಂದು ದಾರಿ ಇತ್ತು. ಹಳ್ಳ ದಾಟದೆ, ಹೊಲದ ದೊಡ್ಡ ಬದುವಿನ ಮೇಲೆ ಹಾದು ಶಾಲೆಗೆ. ದೂರ ಜಾಸ್ತಿ, ಆದರೆ ಪೂರ್ತಿ ಎತ್ತರದ ಜಾಗ. ಮಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೊಂಟಕ್ಕೆ ಪಂಚೆ ಸುತ್ತಿ ಕುರ್ಚಿಗೆ ಕಟ್ಟಿ, ನಾನೂ ಕೆಳಗಿನ ಮನೆಯ ಹುಡುಗನೊಬ್ಬನೂ ಹೊತ್ತೆವು. ಮಗುವನ್ನು ಅಕ್ಕ ಬೆನ್ನಿಗೆ ಸೀರೆಯಲ್ಲಿ ಕಟ್ಟಿಕೊಂಡಳು. ಎರಡು ಕೈಯೂ ಖಾಲಿ ಇರಲಿ ಅಂತ. ತಾತ ಮುಂದೆ ಕೋಲು ಊರುತ್ತಾ ಹೋದರು, ನಾವು ಅವರ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟೆವು. ಶಾಲೆ ಮುಟ್ಟಿದಾಗ ಎರಡೂಕಾಲು.

ಬಿಟ್ಟು ಬಂದದ್ದು

ಶಾಲೆಯಲ್ಲಿ ಹತ್ತಾರು ಮನೆಯವರು ಸೇರಿದ್ದರು. ಇಂಥ ಜಾಗಕ್ಕೆ ಈಗ ಸರ್ಕಾರ ಕಾಳಜಿ ಕೇಂದ್ರ ಅನ್ನುತ್ತದೆ. ನಮ್ಮ ಜನರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರವೇ. ಬೆಳಗ್ಗೆ ಉಪ್ಪಿಟ್ಟು, ಬಿಸಿನೀರು ಬಂತು. ಆಗ ಮಾವ ಮೆಲ್ಲಗೆ ಅಂದರು, 'ನನ್ನ ಇಂಜೆಕ್ಷನ್ನು?'

ಇನ್ಸುಲಿನ್ ಫ್ರಿಜ್ಜಿನಲ್ಲಿ. ಫ್ರಿಜ್ಜು ಎರಡೂವರೆ ಅಡಿ ನೀರಿನಲ್ಲಿ ಮಕಾಡೆ.

ಅತ್ತೆ ಅಳಲು ಶುರು ಮಾಡಿದರು. ರಾತ್ರಿ ಪೂರ್ತಿ ಅಳದವರು ಆಗ ಅತ್ತರು. ದೇವರ ಫೋಟೋ ತಂದಿದ್ದೆ, ಇದನ್ನ ಮರೆತೆ ಅಂತ. ಹಳ್ಳದ ಆಚೆಯಿಂದ ಬೇರೆ ದಾರಿಯಲ್ಲಿ ಸುತ್ತಿ ಬಂದ ಆಶಾ ಕಾರ್ಯಕರ್ತೆಯೊಬ್ಬರು ಆಸ್ಪತ್ರೆಗೆ ಫೋನ್ ಮಾಡಿ ವ್ಯವಸ್ಥೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬಂತು. ಅಷ್ಟರಲ್ಲಿ ಮಾವನ ಸಕ್ಕರೆ ಏರಿ ಬಾಯಿ ಒಣಗಿ ಕಣ್ಣು ಮಂಜಾಗಿತ್ತು.

ಇನ್ಸುಲಿನ್ ಫ್ರಿಜ್ಜಿನಲ್ಲೇ ಇರಬೇಕು ಅಂತ ನಾವು ಅಂದುಕೊಂಡಿದ್ದೆವು. ಒಡೆಯದ ಬಾಟಲಿಗೆ ಅದು ನಿಜ. ಬಳಸಲು ಶುರು ಮಾಡಿದ ಬಾಟಲಿ ಬಿಸಿಲು ಬೀಳದ ಜಾಗದಲ್ಲಿ, ತೀರಾ ಸೆಕೆ ಇಲ್ಲದಿದ್ದರೆ, ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದು. ಒದ್ದೆ ಮಣ್ಣಿನ ಕುಡಿಕೆಯೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಅಂದರೆ ಅದು ಮಲಗುವ ಮಂಚದ ಪಕ್ಕದ ಚೀಲದಲ್ಲಿ ಇರಬಹುದಿತ್ತು. ನಿಮ್ಮ ಮನೆಯ ಔಷಧಿಯ ವಿಷಯ ನಿಮ್ಮ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ. ಬಿಪಿ ಮಾತ್ರೆ, ಫಿಟ್ಸ್ ಮಾತ್ರೆ, ಎಲ್ಲದಕ್ಕೂ ಇದೇ ಮಾತು.

ಎರಡನೆಯದು ಕಾಗದ ಪತ್ರ. ಕಬ್ಬಿಣದ ಟ್ರಂಕಿನಲ್ಲಿ ಭದ್ರವಾಗಿವೆ ಅಂತ ಅತ್ತೆಯ ನಂಬಿಕೆ. ಟ್ರಂಕು ಮಂಚದ ಕೆಳಗೆ. ಕಳ್ಳರಿಂದ ಕಾಪಾಡುವ ಟ್ರಂಕು ನೀರಿನಿಂದ ಕಾಪಾಡುವುದಿಲ್ಲ. ಪಹಣಿ, ಆಧಾರ್, ರೇಷನ್ ಕಾರ್ಡು ಮತ್ತೆ ತೆಗೆಸಬಹುದು, ಅವೆಲ್ಲ ಕಂಪ್ಯೂಟರಿನಲ್ಲಿವೆ. ಜಮೀನಿನ ಹಳೆಯ ಕ್ರಯಪತ್ರ ಮಾತ್ರ ಮುದ್ದೆಯಾಯಿತು. ಅದರ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ಆದರೆ ಓಡಾಟ ಬೇಕು. ಹತ್ತು ರೂಪಾಯಿಯ ದಪ್ಪ ಪ್ಲಾಸ್ಟಿಕ್ ಕವರು ಆ ಓಡಾಟ ತಪ್ಪಿಸುತ್ತಿತ್ತು.

ಮತ್ತೆ ಬೆಳಕು. ಮನೆಯಲ್ಲಿ ಒಂದೇ ಒಂದು ಬ್ಯಾಟರಿ ಇತ್ತು, ಅದರಲ್ಲಿ ಸೆಲ್ ಸತ್ತಿತ್ತು. ಫೋನುಗಳ ಚಾರ್ಜು ಕೋಡಿಯ ವಿಡಿಯೋ ತೆಗೆಯುವುದರಲ್ಲೇ ಮುಗಿದಿತ್ತು. 112ಕ್ಕೋ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೋ ಕರೆ ಮಾಡಬೇಕಾದರೆ ಫೋನಿನಲ್ಲಿ ಜೀವ ಇರಬೇಕು, ಅಲ್ವಾ?

ನೀರು ಇಳಿದ ಮೇಲೆ

ಮಧ್ಯಾಹ್ನ ನೀರು ಇಳಿಯಿತು. ಎಲ್ಲರಿಗೂ ಮನೆಗೆ ಓಡುವ ಆತುರ. ತಾತ ಮಾತ್ರ ಹೋಗಲಿಲ್ಲ. 'ಮಣ್ಣಿನ ಗೋಡೆ ನೆಂದಾಗ ಬೀಳಲ್ಲ, ಒಣಗುವಾಗ ಬೀಳ್ತೈತೆ' ಅಂದರು. ನೆಂದಾಗಲೂ ಬೀಳುತ್ತದೆ. ಮಳೆಗಾಲದಲ್ಲಿ ಮಲಗಿದವರ ಮೇಲೆ ಗೋಡೆ ಕುಸಿದ ಸುದ್ದಿ ನಮ್ಮ ಕಡೆ ಹೊಸದಲ್ಲ. ಆದರೆ ಅವರ ಮಾತಿನಲ್ಲಿ ನಿಜ ಇತ್ತು. ಬುಡ ನೀರು ಕುಡಿದು ಮೆತ್ತಗಾದ ಗೋಡೆ ಮೇಲಿನ ಮಾಳಿಗೆಯ ಭಾರವನ್ನು ಎಷ್ಟು ದಿನ ಹೊರುತ್ತದೆ ಹೇಳಲಾಗದು. ಅವರು ಶಾಲೆಯಲ್ಲೇ ಉಳಿದರು. ಮೂರನೇ ದಿನ, ಚೆನ್ನಾಗಿ ಬಿಸಿಲು ಬಿದ್ದ ಮಧ್ಯಾಹ್ನ, ಅವರ ಹಿಂದಿನ ಕೋಣೆಯ ಗೋಡೆ ಕೂತುಬಿಟ್ಟಿತು. ಅವರು ದಿನಾ ಮಧ್ಯಾಹ್ನ ಮಲಗುತ್ತಿದ್ದ ಕೋಣೆ ಅದು.

ನಮ್ಮ ಮನೆಯಲ್ಲಿ ಮೊಣಕಾಲುದ್ದ ಕೆಸರು. ಅತ್ತೆ ಪೊರಕೆ ಹಿಡಿದೇ ಬಂದಿದ್ದರು. ಅಕ್ಕ ತಡೆದಳು. ಮೊದಲು ಗೋಡೆಯ ಮೇಲಿನ ನೀರಿನ ಗೆರೆ, ಬಿದ್ದ ಫ್ರಿಜ್ಜು, ನೆಂದ ರಾಗಿ ಚೀಲ, ಎಲ್ಲದರ ಫೋಟೋ ತೆಗೆದಳು. ಮಹಜರಿಗೆ ಬಂದವರಿಗೆ ಇದು ತುಂಬಾ ಕೆಲಸಕ್ಕೆ ಬಂತು. ಬೀದಿಯಲ್ಲಿ ಇಬ್ಬರು ಚೊಕ್ಕವಾಗಿ ತೊಳೆದು ಕೂತಿದ್ದರು. ಅವರಿಗೆ ಎಷ್ಟು ನೀರು ಬಂದಿತ್ತು ಅಂತ ತೋರಿಸಲು ಏನೂ ಇರಲಿಲ್ಲ. ಶೇಂಗಾ, ಈರುಳ್ಳಿ ಹೊಲಗಳೂ ನಿಂತ ನೀರಿನಲ್ಲಿ ಕೊಳೆತವು. ಬೆಳೆ ವಿಮೆ ಕಟ್ಟಿದ್ದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಮನೆ ತೊಳೆಯುವ ಗಡಿಬಿಡಿಯಲ್ಲಿ ಆ ಮೂರು ದಿನ ಹೇಗೆ ಕಳೆಯುತ್ತವೆ ಅನ್ನುವುದೇ ಗೊತ್ತಾಗುವುದಿಲ್ಲ. ದನ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ.

ಒರಳುಕಲ್ಲಿನ ಹಿಂದೆ ಹಾವಿತ್ತು. ನೀರು ಬಂದಾಗ ಅದಕ್ಕೂ ಒಣ ಜಾಗ ಬೇಕಲ್ಲ. ಅದಕ್ಕೇ ಬರಿಗೈಯಲ್ಲಿ ಏನನ್ನೂ ಎತ್ತಬಾರದು, ಕೋಲಿನಿಂದ ಸರಿಸಿ ನೋಡಬೇಕು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಆ ಕೈಕಾಲು ಅಲ್ಲಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು. ಹಾವಿನ ವಿಷಕ್ಕೆ ಮದ್ದು ಇರುವುದು ಅಲ್ಲೇ. ಕೆಸರಲ್ಲಿ ಗಾಜು ಚುಚ್ಚಿ ಅತ್ತೆಯ ಪಾದ ಸೀಳಿತು. ಟಿಟಿ ಇಂಜೆಕ್ಷನ್ ಹಾಕಿಸಿದೆವು. ಕೆಸರಲ್ಲಿ ಇಲಿಯ ಉಚ್ಚೆಯೂ ಸೇರಿರುತ್ತದೆ, ಗಾಯದ ಮೂಲಕ ಇಲಿ ಜ್ವರ ಬರಬಹುದು. ಹಾಗಾಗಿ ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು ಕಂಡರೆ ಕೆಸರು ತುಳಿದದ್ದನ್ನು ಡಾಕ್ಟರಿಗೆ ಬಾಯಿ ಬಿಟ್ಟು ಹೇಳಬೇಕು. ನಾವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಕರೆಂಟ್ ಮರುದಿನ ಬಂತು. ಪಕ್ಕದ ಬೀದಿಯವರೊಬ್ಬರು ನೆಂದ ಸ್ಟಾರ್ಟರ್ ಬಾಕ್ಸ್ ಒತ್ತಲು ಹೋಗಿ ಶಾಕ್ ಹೊಡೆಸಿಕೊಂಡು ಬದುಕಿದ್ದೇ ಹೆಚ್ಚು. ನಾವು ವೈರ್‌ಮನ್ ಬಂದು ನೋಡುವ ತನಕ ಎರಡು ರಾತ್ರಿ ದೀಪದ ಬೆಳಕಲ್ಲಿ ಇದ್ದೆವು.

ಬಾವಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಕಟ್ಟೆ ತುಂಬಿದ್ದರಿಂದ ಎಷ್ಟೋ ವರ್ಷ ಒಣಗಿದ್ದ ತೆರೆದ ಬಾವಿಯಲ್ಲಿ ನೀರು ಬಂದಿತ್ತು. ಅತ್ತೆಗೆ ಅದೇ ದೊಡ್ಡ ಸಂತೋಷ. ಅದರೊಳಕ್ಕೆ ಚರಂಡಿ ನೀರು ಇಳಿದಿತ್ತು. ಬಗ್ಗಡ ತಿಳಿಯಾದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದೆವು. ಲೆಕ್ಕ ಹೀಗೆ: ಬಾವಿಯ ಅಡ್ಡಗಲ 3 ಮೀಟರ್, ನೀರು 5 ಮೀಟರ್ ಆಳ. 3ನ್ನು 3ರಿಂದ ಗುಣಿಸಿ, ಅದನ್ನು 5ರಿಂದ, ಆಮೇಲೆ 0.785ರಿಂದ ಗುಣಿಸಿದರೆ ಸುಮಾರು 35 ಘನ ಮೀಟರ್, ಅಂದರೆ 35 ಸಾವಿರ ಲೀಟರ್. ಒಳ್ಳೆಯ ಪೌಡರ್ ಆದರೆ 1000 ಲೀಟರಿಗೆ 2.5 ಗ್ರಾಂ. ಒಟ್ಟು 90 ಗ್ರಾಮಿನಷ್ಟು. ಹೊಲಸು ಸೇರಿದ ನೀರಿಗೆ ಇದಕ್ಕಿಂತ ಜಾಸ್ತಿ ಬೇಕು, ಎಷ್ಟು ಅಂತ ಆರೋಗ್ಯ ಇಲಾಖೆಯವರನ್ನು ಕೇಳಿ. ಪೌಡರನ್ನು ನೇರ ಬಾವಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗೆ ಇಳಿಸಿ ಚೆನ್ನಾಗಿ ಕದಡಬೇಕು. ಕಡಿಮೆ ಅಂದರೆ ಒಂದು ಗಂಟೆ ಮುಟ್ಟಬಾರದು. ಆಮೇಲೂ ಕುಡಿಯುವ ನೀರನ್ನು ಕುದಿಸಿಯೇ ಕುಡಿದೆವು. ಮಗುವಿಗೆ ಒಂದು ದಿನ ಭೇದಿ ಆಯಿತು, ಓಆರ್‌ಎಸ್ ಕುಡಿಸಿದ್ದಕ್ಕೆ ಅಲ್ಲಿಗೇ ನಿಂತಿತು.

ಈಗ ಆ ಮನೆಯಲ್ಲಿ

ಶಾಲೆಯಲ್ಲಿ ಕೂತಿದ್ದಾಗ ತಾತನನ್ನು ಕೇಳಿದೆ, ನಿಮಗೆ ಹೇಗೆ ಗೊತ್ತಾಯಿತು ಅಂತ. ಅವರೂ 1933 ಆದ ಮೇಲೆ ಹುಟ್ಟಿದವರೇ. 'ನಮ್ಮಪ್ಪ ಹೇಳೋನು. ಹೊಳೆ ತುಂಬಿದಾಗ ಹಳ್ಳ ಎಲ್ಲಿಗೆ ಹೋಗ್ಬೇಕು ಅಂತ. ನಾನು ರಾತ್ರಿ ಹನ್ನೊಂದರಿಂದ ಮೋರಿ ಹತ್ರಾನೇ ಕುಂತಿದ್ದೆ.' ಹಾಗಾದರೆ ನಮ್ಮನ್ನು ಯಾಕೆ ಎಬ್ಬಿಸಲಿಲ್ಲ ಅಂದೆ. 'ನೀವೆಲ್ಲ ಓದಿದೋರು, ಫೋನ್ ನೋಡೋರು. ಮುದುಕ ಏನೋ ಅಂತಾನೆ ಅನ್ಕಂತೀರಿ ಅಂತ ಸುಮ್ನಾದೆ' ಅಂದರು. ನೀರು ಏರಿದ್ದು ಕಂಡ ಮೇಲೆ ಅವರು ಮೊದಲು ಓಡಿದ್ದು ನಮ್ಮ ಬಾಗಿಲಿಗೇ.

ಆ ಮಾತಿನಿಂದ ಒಂದು ಕೆಲಸ ಆಯಿತು. ಈಗ ಆ ಕೇರಿಯಲ್ಲಿ ಯಾರು ಯಾರನ್ನು ಎಬ್ಬಿಸಬೇಕು ಅನ್ನುವುದು ಗೊತ್ತು. ನಡೆಯಲಾಗದವರು ಮೂರು ಮನೆಯಲ್ಲಿದ್ದಾರೆ. ಒಬ್ಬೊಬ್ಬರಿಗೂ ಇಬ್ಬಿಬ್ಬರು ಹುಡುಗರು ಅಂತ ಮಾತಾಗಿದೆ. ಮೋರಿಯ ಪಕ್ಕದ ಕರೆಂಟ್ ಕಂಬಕ್ಕೆ ತಾತನೇ ನಿಂತು ಕೆಂಪು ಬಣ್ಣದಲ್ಲಿ ಎರಡು ಗೆರೆ ಹಾಕಿಸಿದರು. ಕೆಳಗಿನ ಗೆರೆ ಮುಟ್ಟಿದರೆ ಸಾಮಾನು ಮೇಲಕ್ಕೆ. ಮೇಲಿನ ಗೆರೆ ಮುಟ್ಟುವ ಮೊದಲೇ ಜನ ಶಾಲೆಗೆ. ಜೂನ್ ಬರುವ ಮೊದಲು ಮೋರಿಯ ಬಾಯಿ ಬಿಡಿಸಬೇಕು ಅಂತ ಗ್ರಾಮಸಭೆಯಲ್ಲಿ ಬರೆಸಿದ್ದಾರೆ. ಬದು ಹಾಕಿದವರು ಮಾತ್ರ ಇನ್ನೂ ತೆಗೆದಿಲ್ಲ. ಆ ಜಗಳ ನಡೆಯುತ್ತಲೇ ಇದೆ, ನಡೆಯಲಿ. ಬಿಡಬಾರದು.

ಮನೆಯೊಳಗೆ ಮೀಟರ್ ಬೋರ್ಡು, ಸ್ವಿಚ್ಚುಗಳು ಎದೆಯೆತ್ತರಕ್ಕೆ ಏರಿವೆ. ಬಚ್ಚಲಿನ ತೂತಿಗೆ ಮುಚ್ಚಳ ಇದೆ, ಅದರ ಮೇಲೆ ಹೇರಲು ಮರಳು ತುಂಬಿದ ಗೋಣಿಚೀಲ ಪಕ್ಕದಲ್ಲೇ ಇದೆ. ಹಸುವಿನ ಕಣ್ಣಿಯ ಗಂಟು ಈಗ ಎಳೆದರೆ ಬಿಚ್ಚುವಂಥದ್ದು, ಕುಡುಗೋಲೂ ಅಲ್ಲೇ ಗೂಟಕ್ಕೆ ಸಿಕ್ಕಿಸಿದೆ. ಮಾವನ ಮಂಚದ ತಲೆಗೆ ಮೊಳೆಯಲ್ಲಿ ಒಂದು ಚೀಲ ತೂಗುಹಾಕಿದ್ದಾರೆ. ಅದರಲ್ಲಿ ಒಂದು ವಾರದ ಔಷಧಿ, ಡಾಕ್ಟರ್ ಚೀಟಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ಪತ್ರ, ಬ್ಯಾಟರಿ, ಎರಡು ಪಾಕೆಟ್ ಓಆರ್‌ಎಸ್, ಬೆಲ್ಲ ಕಡಲೆ, ಮಗುವಿನ ಒಂದು ಜೊತೆ ಬಟ್ಟೆ ಇವೆ. ಔಷಧಿ ಹಳೆಯದಾಗದ ಹಾಗೆ ಅಮಾವಾಸ್ಯೆಗೊಮ್ಮೆ ಅಕ್ಕ ಬದಲಿಸುತ್ತಾಳೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ತುಂಬಿ ಕೋಡಿ ಬಿತ್ತು, ಕಟ್ಟಿದಂದಿನಿಂದ ಮೂರನೇ ಸಲ. ಸುದ್ದಿ ಕೇಳಿದ ಕೂಡಲೇ ನಾನು ಅತ್ತೆಗೆ ಫೋನ್ ಮಾಡಿದೆ. ಚಳಿಗಾಲ, ಮಳೆ ಇಲ್ಲ ಅಂತ ಗೊತ್ತಿದ್ದರೂ ಮನಸ್ಸು ತಡೆಯಲಿಲ್ಲ.

'ಹೂಂ ಕಣಪ್ಪಾ, ಬಿದ್ದೈತಂತೆ. ಈ ಸಲನಾದ್ರೂ ಬಾಗಿನ ಬಿಡಾನ, ಎಲ್ರೂನೂ ಕರ್ಕಂಡು ಬಾ' ಅಂದರು ಅತ್ತೆ. ನಾನು ಇನ್ನೇನೋ ಕೇಳುವ ಮೊದಲೇ ಅವರೇ ಹೇಳಿದರು. 'ಹಳ್ಳ ಒಣಗೇ ಐತೆ. ಈಗ ತಾನೇ ಮೋರಿ ತಂಕ ಹೋಗಿ ನೋಡ್ಕಂಡು ಬಂದೆ.'